ಸೈಮಿಯ ಸೌನಾ ಒಲೆ ಯಾರದು

ಶನಿವಾರ ಮಧ್ಯಾಹ್ನ ಸೈಮಿ ಹಬೆಯಲ್ಲಿ ಕೂತು ಬೆವರುವ ಸೌನಾ ಕೋಣೆಗೆ ಹೋಗಿ ಒಲೆಯ ಗಡಿಯಾರದ ಗುಂಡಿ ತಿರುವಿದಳು. ಗುಂಡಿ ಎಂದಿನಂತೆ ಟಿಕ್ ಟಿಕ್ ಎಂದು ಓಡತೊಡಗಿತು. ಗುಂಡಿ ಓಡುತ್ತಿದೆ ಎಂದ ಮೇಲೆ ಒಲೆ ಕಾಯುತ್ತಿದೆ ಎಂದೇ ಅವಳ ಲೆಕ್ಕ. ಹಲಗೆಗಳನ್ನು ಒರೆಸಿ, ಮರದ ಬಕೀಟಿಗೆ ನೀರು ತುಂಬಿ, ಅಡುಗೆಮನೆಯಲ್ಲಿ ಕಾಫಿಗೆ ನೀರಿಟ್ಟು ಬಂದಳು. ಅಷ್ಟರಲ್ಲಿ ಗೆಳತಿ ರೌಹಾ ಬಂದು, ಬಟ್ಟೆ ಕಳಚಿ, ಟವೆಲ್ಲು ಸುತ್ತಿಕೊಂಡು ಕೆಳಹಲಗೆಯ ಮೇಲೆ ಕೂತಿದ್ದಳು. ಸೈಮಿ ಸೌಟಿನಲ್ಲಿ ನೀರೆತ್ತಿ ಒಲೆಯ ಕಲ್ಲುಗಳ ಮೇಲೆ ಸುರಿದಳು. ಚುಂಯ್ ಎಂದು ಹಬೆ ಏಳಲಿಲ್ಲ. ನೀರು ಕಲ್ಲುಗಳ ಸಂದಿಯಲ್ಲಿ ಇಳಿದು, ಒಲೆಯ ಅಡಿಯಿಂದ ತೊಟ್ಟಿಕ್ಕಿ, ನೆಲದ ಮೇಲೆ ಹರಿದು ಮೋರಿಗೆ ಹೋಯಿತು. ಇಬ್ಬರೂ ಅದು ಹೋಗುವುದನ್ನೇ ನೋಡಿದರು.

"ಏನೇ ಸೈಮಿ, ಇದು ಸೌನಾನೋ ಇಲ್ಲಾ ಆಲೂಗೆಡ್ಡೆ ಇಡೋ ನೆಲಮಾಳಿಗೆನೋ?" ಎಂದಳು ರೌಹಾ, ಮೆಲ್ಲಗೆ.

ಮೆಲ್ಲಗೆ ಅಂದದ್ದು ಅಭ್ಯಾಸಬಲದಿಂದ. ಸೌನಾದೊಳಗೆ ಯಾರೂ ದನಿ ಎತ್ತುವುದಿಲ್ಲ, ಜಗಳವಾಡುವುದಿಲ್ಲ. ಚರ್ಚಿನಲ್ಲಿ ಇರುವ ಹಾಗೆ ಇರಬೇಕು ಎಂದು ತೊಟ್ಟಿಲ ಕಾಲದಿಂದ ಕೇಳಿ ಬೆಳೆದವರು ಇಬ್ಬರೂ. ಒಲೆ ತಣ್ಣಗಿದ್ದರೂ ಆ ನಿಯಮ ನಡೆಯುತ್ತದೆಯೇ ಎಂದು ಯೋಚಿಸುವ ಪ್ರಸಂಗ ಅವರಿಗೆ ಈವರೆಗೆ ಬಂದಿರಲಿಲ್ಲ.

ಹಿಂದಿನ ಕೆಲವು ವಾರ ಒಲೆ ಉಗುರುಬೆಚ್ಚಗಷ್ಟೇ ಕಾಯುತ್ತಿತ್ತು. ಸೈಮಿ ಹೊರಗಿನ ಚಳಿಯನ್ನು ದೂರಿದಳು, ಬಾಗಿಲ ಸಂದಿಯನ್ನು ದೂರಿದಳು, ಒಮ್ಮೆ ತನ್ನ ಮುದಿ ಚರ್ಮವನ್ನೂ ದೂರಿದಳು. ಒಲೆಯನ್ನು ಮಾತ್ರ ದೂರಿರಲಿಲ್ಲ.

ಸೈಮಿ ಬೆನ್ನು ತೊಳೆಯುವವಳು. ತಾಂಪೆರೆ ಊರಿನ ಗಿರಣಿ ಬೀದಿಯಲ್ಲಿ ಸಾರ್ವಜನಿಕ ಸೌನಾ ಇದ್ದ ಕಾಲದಲ್ಲಿ, ಲಂಗ ಮೊಣಕಾಲು ಮುಟ್ಟುವ ವಯಸ್ಸಿಗೇ ಚಿಕ್ಕಮ್ಮನ ಜೊತೆ ಅಲ್ಲಿ ಸೇರಿಕೊಂಡಳು. ಜನ ಮೇಲುಹಲಗೆಯಲ್ಲಿ ಬೆವರಿ ಇಳಿದು ಬಂದು ಮರದ ಬೆಂಚಿನ ಮೇಲೆ ಬೋರಲು ಮಲಗುತ್ತಿದ್ದರು. ಇವಳು ಸೋಪಿನ ನೊರೆ ಎಬ್ಬಿಸಿ, ಕುತ್ತಿಗೆಯಿಂದ ಹಿಮ್ಮಡಿವರೆಗೆ ತಿಕ್ಕಿ, ಬಕೀಟಿನ ನೀರು ಹುಯ್ದು ಎಬ್ಬಿಸುತ್ತಿದ್ದಳು. ಗಿರಣಿಯ ಹೆಂಗಸರು, ಸೇತುವೆ ಕಟ್ಟುವ ಗಂಡಸರು, ಪಾದ್ರಿಯ ಹೆಂಡತಿ, ಎಲ್ಲರೂ. ಬೀದಿಯಲ್ಲಿ ಎದುರಾದರೆ ಮುಖ ಗುರುತು ಹತ್ತುತ್ತಿರಲಿಲ್ಲ. ದಾಟಿ ಹೋದ ಮೇಲೆ ಹೆಗಲು ನೋಡಿ ಹೆಸರು ನೆನಪಾಗುತ್ತಿತ್ತು. ರೌಹಾ ನೂಲಿನ ಗಿರಣಿಯವಳು, ಆಗಿನಿಂದಲೂ ಇವಳ ಕೈಗೇ ಬೆನ್ನು ಕೊಟ್ಟವಳು.

ಗಿರಣಿ ಬೀದಿಯ ಸೌನಾ ಮುಚ್ಚಿತು. ಸೈಮಿಯ ಗಂಡ ತೀರಿಕೊಂಡ. ಮನೆ ಹುಡುಕುವಾಗ ಅವಳು ಅಡುಗೆಮನೆ ನೋಡಲಿಲ್ಲ, ಕಿಟಕಿ ಯಾವ ದಿಕ್ಕಿಗೆ ಎಂದು ಕೇಳಲಿಲ್ಲ. ಸೌನಾ ಇದೆಯೇ ಎಂದು ಮಾತ್ರ ಕೇಳಿದಳು. ಊರಂಚಿನ ಈ ಸಾಲುಮನೆಯಲ್ಲಿ ಬಚ್ಚಲಿನ ಪಕ್ಕಕ್ಕೆ ಇಬ್ಬರು ಕೂರುವಷ್ಟು ಸಣ್ಣದೊಂದು ಸೌನಾ ಇತ್ತು, ಮೂಲೆಯಲ್ಲಿ ಕರೆಂಟಿನ ಒಲೆ. ಮನೆ ವೇಸಾ ಎಂಬವನದು. ಅವನ ತಾಯಿ ಇದ್ದಷ್ಟು ದಿನ ಆ ಸೌನಾದಲ್ಲಿ ಮುರಬ್ಬದ ಜಾಡಿಗಳು, ಚಳಿಗಾಲದ ಬೂಟುಗಳು ತುಂಬಿದ್ದವಂತೆ. ಬಾಡಿಗೆಗೆ ಕೊಡುವಾಗ ವೇಸಾ ಎಲ್ಲವನ್ನೂ ಹೊರಗೆ ಹಾಕಿ, ಸೌನಾ ಬಿಸಿಯಾಗಿ ಇರಲಿ, ಹಾಗೇ ಇಟ್ಟರೆ ಮರ ಮುಗ್ಗುತ್ತದೆ ಎಂದಿದ್ದ.

ಬಲಗೈ ಮೇಲೆತ್ತಲಾಗದ ರೌಹಾ ಅಂದಿನಿಂದ ಪ್ರತಿ ಶನಿವಾರ ಬರುತ್ತಿದ್ದಾಳೆ. ಮನೆಗೆ ಬಂದು ಆರೈಕೆ ಮಾಡುವ ಹುಡುಗಿಯರು ಅವಳನ್ನು ಶವರಿನ ಕೆಳಗೆ ನಿಲ್ಲಿಸುತ್ತಾರೆ. ಅದನ್ನು ಅವಳು ಸ್ನಾನ ಅನ್ನುವುದಿಲ್ಲ, ಕಾರು ತೊಳೆಯುವುದು ಅನ್ನುತ್ತಾಳೆ. ಸೈಮಿಗೂ ಈ ಶನಿವಾರವೇ ಉಳಿದದ್ದು. ಒಂದು ಬೆನ್ನಾದರೂ ಇರುವತನಕ ಅವಳು ಬೆನ್ನು ತೊಳೆಯುವವಳು. ಒಲೆ ಹೋದರೆ ಅವಳು ಸುಮ್ಮನೆ ಒಬ್ಬ ಮುದುಕಿ.

ಹಾಗಾಗಿ ಸೋಮವಾರ ವೇಸಾನಿಗೆ ಫೋನು ಮಾಡಲೇಬೇಕಾಯಿತು. ಫೋನಿನ ಮುಂದೆ ಕೂತು ಬಹಳ ಹೊತ್ತು ಮಾತು ಕೂಡಿಸಿಕೊಂಡಳು. ಇನ್ನೊಬ್ಬರಿಗೆ ನಿಮ್ಮ ವಸ್ತು ಕೆಟ್ಟಿದೆ ಎಂದು ಮುಖಕ್ಕೆ ಹೇಳುವುದು ಅವಳಿಗೆ ಗೊತ್ತಿರಲಿಲ್ಲ. ಅದು ಬೈದ ಹಾಗೆ ಆಗುತ್ತದೆ. ಕೊನೆಗೆ ಅವಳ ಬಾಯಿಂದ ಬಂದದ್ದು ಇಷ್ಟು:

"ಹಬೆ ಈಚೆಗೆ ಅಷ್ಟೊಂದು ಚೆನ್ನಾಗಿ ಏಳ್ತಾ ಇಲ್ಲ ಕಣಪ್ಪಾ."

ವೇಸಾ ಅದನ್ನು ಕೇಳಿ ಹುರುಪುಗೊಂಡ. ಇಲ್ಲಿ ಹಬೆಯ ಮಾತು ಅಂದರೆ ರುಚಿಯ ಮಾತು. ಒಬ್ಬರ ಮನೆಯ ಹಬೆ ಮೆತ್ತಗೆ, ಒಬ್ಬರದು ಚುರುಕು, ಒಬ್ಬರದು ಕಿವಿ ಸುಡುವಂಥದು. ಗಂಡಸರು ಇದನ್ನೇ ಅರ್ಧ ದಿನ ಆಡುತ್ತಾರೆ. ಬೆನ್ನು ತೊಳೆದು ಬದುಕಿದ ಹೆಂಗಸು ತನ್ನ ಒಲೆಯ ಹಬೆಯ ಬಗ್ಗೆ ಅಭಿಪ್ರಾಯ ಹೇಳಿದ್ದು ಅವನಿಗೆ ಗೌರವದ ಸಂಗತಿಯಾಗಿ ಕಂಡಿತು. ಕಲ್ಲು ಹಳತಾದರೆ ಹಾಗೇ, ಪುಡಿಯಾಗಿರಬೇಕು, ನಾನು ನೋಡಿಕೊಳ್ಳುತ್ತೇನೆ ಎಂದ. ಸೈಮಿ ಧನ್ಯವಾದ ಹೇಳಿ ಫೋನಿಟ್ಟಳು. ಹೇಳಬೇಕಾದ್ದು ಹೇಳಿಯಾಯಿತು ಎಂದು ನಿಟ್ಟುಸಿರು ಬಿಟ್ಟಳು.

ವಾರ ಕಳೆಯುವುದರೊಳಗೆ ಬಾಗಿಲ ಬಳಿ ಒಂದು ಪೆಟ್ಟಿಗೆ ಬಂದು ಬಿತ್ತು. ಎತ್ತಲು ಹೋದರೆ ಸೊಂಟ ಬಿಡಲಿಲ್ಲ. ತೆರೆದು ನೋಡಿದಳು. ಕಲ್ಲು. ಕಪ್ಪಗೆ, ಒರಟಾಗಿ, ಹೊಚ್ಚ ಹೊಸ ಸೌನಾ ಕಲ್ಲು.

ಸೈಮಿ ಮೆಟ್ಟಿಲ ಮೇಲೆ ಕೂತು ಕಲ್ಲುಗಳನ್ನು ನೋಡಿದಳು. ಒಲೆ ಕೆಟ್ಟಿದೆ ಎಂದರೆ ಕಲ್ಲು ಕಳಿಸಿದ್ದಾನೆ. ಇದರ ಅರ್ಥ ಏನು?

ಅರ್ಥವನ್ನು ರೌಹಾ ಫೋನಿನಲ್ಲಿ ಹೇಳಿದಳು. ಬಾಡಿಗೆ ಮನೆಯಲ್ಲಿ ಒಲೆ ಓನರದು, ಕಲ್ಲು ಬದಲಿಸೋದು, ಹಲಗೆ ತಿಕ್ಕೋದು ಬಾಡಿಗೆಯವರದು, ಇದು ಎಲ್ಲರಿಗೂ ಗೊತ್ತಿರುವ ವಿಷಯ. "ಕಲ್ಲು ಕಳಿಸಿದ್ದಾನೆ ಅಂದ್ರೆ ತಪ್ಪು ನಿಂದು ಅಂತಿದ್ದಾನೆ ಕಣೇ. ಬಾಯಲ್ಲಿ ಹೇಳೋಕೆ ನಾಚಿಕೆ, ಪೆಟ್ಟಿಗೇಲಿ ಹೇಳಿದ್ದಾನೆ."

ಸೈಮಿಗೆ ಹೌದೆನ್ನಿಸಿತು. ಆಮೇಲೆ ಅಲ್ಲವೆನ್ನಿಸಿತು. ಬಯ್ಯುವವನು ಇಷ್ಟು ಒಳ್ಳೆಯ ಕಲ್ಲು ಯಾಕೆ ಕಳಿಸುತ್ತಾನೆ? ಏನೇ ಇರಲಿ, ತನ್ನ ಪಾಲಿನ ಕೆಲಸ ಬಾಕಿ ಉಳಿಯಬಾರದೆಂದು ಹಳೆಯ ಕಲ್ಲು ತೆಗೆದು ಹೊಸದನ್ನು ಜೋಡಿಸಿದಳು. ಗಿರಣಿ ಬೀದಿಯಲ್ಲಿ ಚಿಕ್ಕಮ್ಮ ಕಲಿಸಿದ ಹಾಗೆಯೇ. ದೊಡ್ಡದು ಕೆಳಗೆ, ಸಣ್ಣದು ಸಂದಿಗೆ, ಬೆರಳು ತೂರದಂತೆ ಬಿಗಿಯಾಗಿ. ಅಲ್ಲಿ ಕಟ್ಟಿಗೆಯ ಬೆಂಕಿ, ಅದರ ಮೇಲೆ ಬೆಟ್ಟದಷ್ಟು ಕಲ್ಲು. ಬಿಗಿಯಾಗಿದ್ದಷ್ಟೂ ಶಾಖ ಹಿಡಿಯುತ್ತಿತ್ತು. ಈ ಮನೆಗೆ ಬಂದ ವರ್ಷ ಹಳೆಯ ಕಲ್ಲನ್ನೂ ಅವಳು ಹೀಗೇ ಜೋಡಿಸಿದ್ದಳು. ಜೋಡಿಸಿ ಗುಂಡಿ ತಿರುವಿದಳು. ಟಿಕ್ ಟಿಕ್ ಎಂದಿತು. ಕಲ್ಲು ಮಾತ್ರ ಅಂಗಳದ ಕಲ್ಲಿನ ಹಾಗೆ ತಣ್ಣಗೇ ಕೂತಿತ್ತು.

ಮರುದಿನ ವೇಸಾನೇ ಫೋನು ಮಾಡಿ, ಈಗ ಹೇಗಿದೆ ಎಂದು ಕೇಳಿದ.

ಕಲ್ಲು ಬಹಳ ಚೆನ್ನಾಗಿವೆ ಎಂದಳು ಸೈಮಿ. ಅದು ಸುಳ್ಳಲ್ಲ. ವೇಸಾನಿಗೆ ಸಂತೋಷವಾಯಿತು. ಇನ್ನೇನಾದರೂ ಬೇಕಾದರೆ ಹೇಳಿ ಎಂದು ಫೋನಿಟ್ಟ. ಸೈಮಿ ಫೋನು ಹಿಡಿದುಕೊಂಡೇ ನಿಂತಳು. ಇವನಿಗೆ ಗೊತ್ತಿದೆಯೋ, ಗೊತ್ತಿಲ್ಲವೋ, ಗೊತ್ತಿದ್ದೂ ಕೇಳುತ್ತಿದ್ದಾನೋ?

ಸಾಲುಮನೆಗಳನ್ನು ನೋಡಿಕೊಳ್ಳಲು ಮನೆಗಳ ಸಂಘ ಒಬ್ಬ ಕೆಲಸದವನನ್ನು ಇಟ್ಟಿದೆ. ಹಿಮ ಗುಡಿಸುತ್ತಾನೆ, ನಲ್ಲಿ ಸೋರಿದರೆ ಬರುತ್ತಾನೆ. ಅವನು ಅಂಗಳದಲ್ಲಿ ಕಂಡಾಗ ಸೈಮಿ ಒಳಗೆ ಕರೆದು ಕಾಫಿ ಕೊಟ್ಟಳು. ಕಾಫಿ ಮುಗಿದ ಮೇಲೆ ವಿಷಯ ಹೇಳಿದಳು. ಅವನು ಬೀರುವಿನೊಳಗಿನ ಫ್ಯೂಸ್ ನೋಡಿ, ಗೋಡೆಗೆ ಬರುವ ಕರೆಂಟು ನೋಡಿ, ಎಲ್ಲ ಸರಿಯಾಗಿದೆ ಎಂದ.

"ಒಲೆ?"

"ಗೋಡೆ ಒಳಗಿನ ವೈರು ಸಂಘದ್ದು. ಒಲೆ ನಿಮ್ಮ ಓನರದು. ಕಲ್ಲು ನಿಮ್ಮದು. ಒಲೆ ನಾನು ಮುಟ್ಟೋ ಹಾಗಿಲ್ಲ, ನಾಳೆ ಮಾತು ಬರುತ್ತೆ."

ಅವನು ಹೋದ ಮೇಲೆ ಸೈಮಿ ಸೌನಾದ ಬಾಗಿಲಲ್ಲಿ ನಿಂತು ಆ ಸಣ್ಣ ಒಲೆಯನ್ನು ನೋಡಿದಳು. ಗಿರಣಿ ಬೀದಿಯಲ್ಲಿ ಒಲೆ ಒಲೆಯಾಗಿತ್ತು. ಇಲ್ಲಿ ಒಂದು ಮೊಳದ ವಸ್ತುವನ್ನು ಹೀಗೆ ಹಂಚಿಕೊಂಡು ಕೂತಿದ್ದಾರೆ. ವೈರು ಒಬ್ಬರದಾದರೆ, ಡಬ್ಬ ಇನ್ನೊಬ್ಬರದಾದರೆ, ಕಲ್ಲು ತನ್ನದಾದರೆ, ಶಾಖ ಯಾರ ಪಾಲಿಗೆ ಬರುತ್ತದೆ?

ಶನಿವಾರ ರೌಹಾ ಎಂದಿನಂತೆ ಟವೆಲ್ಲಿನೊಂದಿಗೆ ಬಂದಳು. ಸೈಮಿ ಅಡುಗೆಮನೆಯಲ್ಲಿ ನೀರು ಕಾಯಿಸಿ, ಬಚ್ಚಲಿನಲ್ಲಿ ಸ್ಟೂಲಿನ ಮೇಲೆ ಕೂರಿಸಿ ಅವಳ ಬೆನ್ನು ತೊಳೆದಳು. ಬೆವರದ ಬೆನ್ನು. ಚರ್ಮ ಬಿಗಿದುಕೊಂಡು, ಕೈ ಜಾರದೆ, ಒಣ ಹಲಗೆ ತಿಕ್ಕಿದ ಹಾಗಾಯಿತು. ರೌಹಾ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದದ್ದು ಸೈಮಿಗೆ ನೆಲಮಾಳಿಗೆ ಎಂದದ್ದಕ್ಕಿಂತ ಹೆಚ್ಚು ನಾಟಿತು.

ಬಟ್ಟೆ ತೊಟ್ಟುಕೊಂಡು ಬಂದ ರೌಹಾ ಫೋನು ಕೊಡು ಎಂದಳು. ಬಾಡಿಗೆಯವರಿಗೆ ಸಲಹೆ ಹೇಳುವ ಒಂದು ಸಂಸ್ಥೆ ಇದೆ, ತನ್ನ ಪಕ್ಕದ ಮನೆಯವರು ಫ್ರಿಜ್ಜು ಕೆಟ್ಟಾಗ ಅಲ್ಲಿಗೇ ಕೇಳಿದ್ದರು ಎಂದಳು. ಅಲ್ಲಿನ ಹೆಂಗಸು ನಿಧಾನವಾಗಿ, ಮರ್ಯಾದೆಯಿಂದ ಮಾತಾಡಿದಳು. ಮನೆ ಬಾಡಿಗೆಗೆ ಕೊಟ್ಟಾಗ ಒಲೆ ಅಲ್ಲಿ ಇತ್ತಲ್ಲವೇ? ಹಾಗಾದರೆ ಅದನ್ನು ನಡೆಯುವ ಸ್ಥಿತಿಯಲ್ಲಿ ಇಡುವುದು ಓನರ್ ಕೆಲಸ. ಬಾಡಿಗೆಯವರ ಕೆಲಸ ಏನೆಂದರೆ, ಕೆಟ್ಟದ್ದು ಗೊತ್ತಾದ ಕೂಡಲೇ ಅವರಿಗೆ ತಿಳಿಸುವುದು. ತಿಳಿಸಿದ್ದೀರಾ?

"ತಿಳಿಸಿದ್ದಾಳೆ," ಎಂದಳು ರೌಹಾ.

ಏನೆಂದು ತಿಳಿಸಿದರು ಎಂದು ಹೆಂಗಸು ಕೇಳಿದಳು. ರೌಹಾ ಸೈಮಿಯತ್ತ ತಿರುಗಿದಳು. ಸೈಮಿ ಪಿಸುಗುಟ್ಟಿದಳು. ಹಬೆ ಅಷ್ಟೊಂದು ಚೆನ್ನಾಗಿ ಏಳ್ತಾ ಇಲ್ಲ ಅಂತ ಹೇಳಿದ್ದಾಳಂತೆ ಎಂದು ರೌಹಾ ಒಪ್ಪಿಸಿದಳು. ಆ ಹೆಂಗಸು, ತಾನೂ ಹೀಗೆ ಸುತ್ತಿ ಬಳಸಿ ಮಾತಾಡುವ ಈ ಊರಿನವಳೇ ಆದ್ದರಿಂದ, ಅದನ್ನು ತಿಳಿಸಿದ್ದು ಎನ್ನಬೇಕೋ ಬಾರದೋ ತನಗೂ ಹೇಳಲಾಗುತ್ತಿಲ್ಲ, ಇವತ್ತೇ ಇನ್ನೊಮ್ಮೆ ಬಿಡಿಸಿ ಹೇಳಿಬಿಡಿ ಎಂದಳು. ಮತ್ತೂ ಹೇಳಿದಳು: ಸಾಧಾರಣ ಬಳಕೆಯಿಂದ ಸವೆದು ಹೋದರೆ ಬಾಡಿಗೆಯವರು ಹೊಣೆಯಲ್ಲ, ಅಜಾಗರೂಕತೆಯಿಂದ ಕೆಟ್ಟರೆ ಮಾತ್ರ ಹೊಣೆ.

ಗೆದ್ದೆವೆಂದು ರೌಹಾ ಫೋನು ಕೆಳಗಿಟ್ಟಳು. ಸೈಮಿಯ ಕಿವಿಯಲ್ಲಿ ಮಾತ್ರ ಒಂದೇ ಮಾತು ಉಳಿಯಿತು, ಸಾಧಾರಣ ಬಳಕೆ.

"ರೌಹಾ, ಜನ ಸಾಧಾರಣವಾಗಿ ಎಷ್ಟು ಸಲ ಕಾಯಿಸ್ತಾರೆ?"

"ಶನಿವಾರ. ಕೆಲವರು ಬುಧವಾರಾನೂ. ಯಾಕೆ, ನೀನು?"

ಸೈಮಿ ಕಾಫಿ ಬಟ್ಟಲು ತಿರುಗಿಸಿದಳು. ಶನಿವಾರ ರೌಹಾ ಬರುತ್ತಾಳೆ. ಉಳಿದ ದಿನ ಸಂಜೆ ಮನೆಯಲ್ಲಿ ಮಾತಿಲ್ಲ, ಸದ್ದಿಲ್ಲ. ಕಾದ ಹಲಗೆ ಚಿಟಿಕೆ ಹೊಡೆದ ಹಾಗೆ ಸದ್ದು ಮಾಡುತ್ತದೆ, ಅಷ್ಟಕ್ಕೇ ಅವಳು ಹೆಚ್ಚುಕಡಿಮೆ ದಿನಾಲೂ ಕಾಯಿಸುತ್ತಿದ್ದಳು. ಅದು ಸಾಧಾರಣವೇ? ಅವಳ ಮಟ್ಟಿಗೆ ಸಾಧಾರಣ. ವೇಸಾನ ತಾಯಿಯ ಮಟ್ಟಿಗೆ ಮುರಬ್ಬದ ಜಾಡಿ ಇಡುವುದೇ ಸಾಧಾರಣ. ಯಾರ ಸಾಧಾರಣವನ್ನು ಅಳತೆಗೆ ಹಿಡಿಯುತ್ತಾರೆ? ಒಲೆಯನ್ನು ಉರಿಸಿ ಉರಿಸಿ ಮುಗಿಸಿದ್ದೀರಿ, ಮನೆ ಖಾಲಿ ಮಾಡಿ ಎಂದು ಅವನು ಅಂದರೆ, ಈ ವಯಸ್ಸಿನಲ್ಲಿ ಸೌನಾ ಇರುವ ಇನ್ನೊಂದು ಮನೆ ಯಾರು ಕೊಡುತ್ತಾರೆ? ಹೇಳದೆ ಇದ್ದರೆ ಒಲೆ ಇಲ್ಲ. ಹೇಳಿದರೆ ಮನೆಯೇ ಇಲ್ಲದೆ ಹೋದೀತು.

ರೌಹಾ ಫೋನನ್ನು ಅವಳ ಮುಂದಕ್ಕೆ ಸರಿಸಿದಳು. ಸೈಮಿ ಕಣ್ಣು ಮುಚ್ಚಿಕೊಂಡು ಹೇಳಿದಳು. "ವೇಸಾ, ಒಲೆ ಕಾಯ್ತಾನೇ ಇಲ್ಲ. ಕೆಟ್ಟು ಹೋಗಿದೆ."

ವೇಸಾ ರಿಪೇರಿಯ ಕೌಕೋನನ್ನು ಕರೆದುಕೊಂಡೇ ಬಂದ. ಇಬ್ಬರೂ ಬಾಗಿಲಲ್ಲಿ ಬೂಟು ಬಿಚ್ಚಿ, ಕಾಲುಚೀಲದಲ್ಲೇ ಸೌನಾದೊಳಗೆ ಬಂದರು. ಕೌಕೋ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಜಾಗ ಸಾಲದೆ ವೇಸಾ ಮೇಲುಹಲಗೆಯ ಮೇಲೆ ಕೋಟು ತೊಟ್ಟೇ ಕೂತ, ಸೈಮಿ ಕೆಳಹಲಗೆಯ ತುದಿಯಲ್ಲಿ. ವೇಸಾನ ಮುಖ ಕೆಂಪಾಗಿತ್ತು. ಹೊರಗಾಗಿದ್ದರೆ ದನಿ ಎತ್ತುತ್ತಿದ್ದನೋ ಏನೋ. ಕೂತ ಜಾಗ ಅಂಥದಾದ್ದರಿಂದ ಅವನ ಸಿಟ್ಟೂ ಪಿಸುಮಾತಿನಲ್ಲೇ ಬಂತು.

"ಇಷ್ಟು ದಿನ ಯಾಕೆ ಹೇಳಲಿಲ್ಲ ನೀವು?"

"ಹೇಳಿದ್ನಲ್ಲಪ್ಪಾ, ಹಬೆ ಏಳ್ತಾ ಇಲ್ಲ ಅಂತ."

"ಚೆನ್ನಾಗಿ ಏಳ್ತಾ ಇಲ್ಲ ಅಂದ್ರಿ."

"ಚೆನ್ನಾಗೂ ಏಳ್ತಿರಲಿಲ್ಲ."

ಅಷ್ಟರಲ್ಲಿ ಕೌಕೋ ಕಲ್ಲು ಕೀಳಲು ನೋಡುತ್ತಿದ್ದ. ಬರಲಿಲ್ಲ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಕಾಯಿತು. ಯಾರು ಜೋಡಿಸಿದ್ದು ಇದನ್ನು, ಗೋಡೆ ಕಟ್ಟಿದ ಹಾಗಿದೆ ಎಂದ.

"ನಾನೇ," ಎಂದಳು ಸೈಮಿ. ಮೊದಲು ಹೆಮ್ಮೆಯಿಂದಲೇ ಅಂದಳು. ಅವನ ಮುಖ ನೋಡಿದ ಮೇಲೆ ಆ ಹೆಮ್ಮೆಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಕಲ್ಲು ಪೂರ್ತಿ ತೆಗೆದ ಮೇಲೆ ಕರೆಂಟಿನಿಂದ ಕೆಂಪಗೆ ಕಾಯುವ ಲೋಹದ ಕಾಯಿಲುಗಳು ಕಂಡವು. ಒಂದು ಬಾಗಿತ್ತು, ಒಂದು ತುಂಡಾಗಿತ್ತು, ಇನ್ನೊಂದರ ಮೈಯೆಲ್ಲ ಬೊಬ್ಬೆ. ಕಟ್ಟಿಗೆ ಒಲೆಗೆ ಕಲ್ಲು ಬಿಗಿಯಾಗಿರಬೇಕು, ಕರೆಂಟು ಒಲೆಯಲ್ಲಿ ಕಲ್ಲುಗಳ ನಡುವೆ ಗಾಳಿ ಓಡಾಡಬೇಕು, ಇಲ್ಲದಿದ್ದರೆ ಕಾಯಿಲಿಗೆ ಉಸಿರು ಕಟ್ಟುತ್ತದೆ ಎಂದು ಕೌಕೋ ಹೇಳಿದ. ಸೈಮಿ ತನ್ನ ಕೈಗಳನ್ನು ನೋಡಿಕೊಂಡಳು. ಇಷ್ಟು ವರ್ಷ ಅವಳು ಆ ಒಲೆಗೆ ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡೇ ಉಸಿರು ಕಟ್ಟಿಸಿದ್ದಳು. ಕಲ್ಲು ತನ್ನದು, ಕಲ್ಲು ಒಲೆಯನ್ನು ಕೊಂದಿತು, ಹಾಗಾದರೆ ಒಲೆಯ ಹೊಣೆಯೂ ತನ್ನದೇ?

"ಎಷ್ಟು ಸಲ ಕಾಯಿಸ್ತಿದ್ರಿ?" ವೇಸಾ ಕೇಳಿದ.

ಶನಿವಾರ ಮತ್ತು ಬುಧವಾರ ಎಂದು ಹೇಳಬಹುದಿತ್ತು. ರೌಹಾ ಹಾಗೇ ಹೇಳು ಎಂದು ಕಲಿಸಿದ್ದಳು. ಸೈಮಿಗೆ ಸೌನಾದಲ್ಲಿ ಕೂತು ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ.

"ದಿನಾಲೂ," ಎಂದಳು. "ನಾನು ಮನೆ ಬಿಡಬೇಕೇನಪ್ಪಾ?"

ವೇಸಾ ಮೇಲಿಂದ ಬಗ್ಗಿ ಅವಳನ್ನು ನೋಡಿದ. ಮನೆ ಬಿಡುವ ಮಾತು ಎಲ್ಲಿಂದ ಬಂತೆಂದು ಅವನಿಗೆ ಅರ್ಥವಾಗಲಿಲ್ಲ. ಅವನು ಅವಳು ಒಲೆಯ ಬಗ್ಗೆ ಮಾತಾಡುತ್ತಿದ್ದಾಳೆ ಎಂದುಕೊಂಡಿದ್ದ. ಅವಳು ಮೊದಲಿಂದಲೂ ಮನೆಯ ಬಗ್ಗೆಯೇ ಮಾತಾಡುತ್ತಿದ್ದಳು. ಅವನು ಕೌಕೋನನ್ನು ಕೇಳಿದ: ಕಲ್ಲು ಸರಿಯಾಗಿ ಜೋಡಿಸಿದ್ದರೆ ಈ ಕಾಯಿಲು ಇನ್ನೂ ಬಾಳಿಕೆ ಬರುತ್ತಿತ್ತೇ?

ಕೌಕೋ ತಲೆ ಕೆರೆದುಕೊಂಡ. ಇನ್ನೂ ಸ್ವಲ್ಪ ಕಾಲ ಬರುತ್ತಿತ್ತು. ಆದರೆ ಒಲೆಗೆ ವಯಸ್ಸಾಗಿತ್ತು, ನಿಮ್ಮಮ್ಮ ಇದನ್ನು ಹಾಕಿಸಿ ಯಾವ ಕಾಲವಾಯಿತು. ಎಷ್ಟು ಪಾಲು ಕಲ್ಲಿನದು, ಎಷ್ಟು ಪಾಲು ವಯಸ್ಸಿನದು ಎಂದು ನಾನು ಹೇಳಲಾರೆ, ಯಾರೂ ಹೇಳಲಾರರು ಎಂದ.

ವೇಸಾ ತುಂಡಾದ ಕಾಯಿಲನ್ನು ಬಗ್ಗಿ ನೋಡಿದ. ಆಮೇಲೆ, ತನಗೇ ಹೇಳಿಕೊಳ್ಳುವ ಹಾಗೆ, "ಕಾಯಿಸಿ ಅಂತ ನಾನೇ ಅಂದಿದ್ದೆ. ಕಾಯಿಸಿದ್ರು. ಹೇಗೆ ಜೋಡಿಸ್ಬೇಕು ಅಂತ ನಾನೂ ತೋರಿಸ್ಲಿಲ್ಲ, ಅಮ್ಮನಿಗೂ ಗೊತ್ತಿರಲಿಲ್ಲ," ಎಂದ. ಹೊಸ ಒಲೆ ನಾನು ಹಾಕಿಸುತ್ತೇನೆ ಎಂದು ಇನ್ನೊಂದು ಮಾತು ಸೇರಿಸಿದ. "ಆದ್ರೆ ಕಲ್ಲು ಕೌಕೋ ಜೋಡಿಸ್ತಾನೆ. ನೀವು ಮುಟ್ಟಬಾರದು."

ಸೈಮಿಗೆ ಎದೆ ಹಗುರಾಯಿತು, ಅದೇ ಗಳಿಗೆಯಲ್ಲಿ ಎಲ್ಲೋ ಚುಚ್ಚಿತು. "ಸಂಘದವನು ಕಲ್ಲು ನಂದು ಅಂತಾನೆ. ನೀನೂ ಕಲ್ಲು ನನಗೇ ಕಳಿಸಿದೆ. ನಂದೇ ಆದ್ರೆ ಮುಟ್ಟಬಾರದು ಅಂದ್ರೆ ಹೇಗಪ್ಪಾ?"

ವೇಸಾ ಕೌಕೋನನ್ನು ನೋಡಿದ. ಕೌಕೋ ಒಂದು ಕಲ್ಲನ್ನು ಸೈಮಿಯ ಕೈಗೆ ಕೊಟ್ಟು, ಒಲೆ ಕೂರಿಸಿದ ದಿನ ತೋರಿಸ್ತೀನಿ, ನೀವೇ ಇಡಿ ಎಂದ.

ಒಲೆ ಬಂದ ದಿನ ಹಾಗೆಯೇ ಆಯಿತು. ಅವಳು ಇಟ್ಟ ಕಲ್ಲನ್ನು ಅವನು ಸಡಿಲಿಸಿದ, ಅವಳು ಮತ್ತೆ ಇಟ್ಟಳು, ಅವನು ಮತ್ತೆ ಸಡಿಲಿಸಿದ. ಕಾಯಿಲು ಮುಚ್ಚಬೇಕು, ಒತ್ತಬಾರದು. ಮುಗಿದಾಗ ಅವಳ ಕಣ್ಣಿಗೆ ಅದು ಯಾರೋ ಅವಸರದಲ್ಲಿ ಸುರಿದು ಹೋದ ಕಲ್ಲಿನ ಗುಡ್ಡೆಯಾಗಿ ಕಂಡಿತು.

ಶನಿವಾರ ನೀರು ಹಾಕಿದಾಗ ಹಬೆ ಥಟ್ಟನೆ ಎದ್ದು ಬಂತು. ಗಿರಣಿ ಬೀದಿಯ ಹಬೆ ನಿಧಾನವಾಗಿ ಬಂದು ಹೆಗಲ ಮೇಲೆ ಕೂರುತ್ತಿತ್ತು. ಇದು ಕಿವಿಯ ತುದಿ ಹಿಡಿದು ಹಿಂಡಿತು. ಹೇಗಿದೆ ಎಂದು ರೌಹಾ ಕೇಳಿದಳು. ಸೈಮಿ ಇನ್ನೊಂದು ಸೌಟು ಹಾಕಿ ನೋಡಿದಳು. ಒಳ್ಳೆಯದೋ ಕೆಟ್ಟದೋ ಅವಳಿಗೆ ಹೇಳಲು ಬರಲಿಲ್ಲ. ರೌಹಾಳ ಬೆನ್ನು ಮಾತ್ರ ಬೆವರಿ, ಮೆತ್ತಗಾಗಿ, ಕೈಗೆ ಬಂತು. ಸೈಮಿ ಕುತ್ತಿಗೆಯಿಂದ ಶುರು ಮಾಡಿದಳು. ಎತ್ತಲಾಗದ ಹೆಗಲಿನ ಹತ್ತಿರ ಬೆರಳುಗಳು ತಾವಾಗಿ ನಿಧಾನವಾದವು, ರೌಹಾ ತಲೆ ಇಳಿಬಿಟ್ಟಳು.

ಸೋಮವಾರ ಸಂಜೆ ಸೈಮಿ ಗುಂಡಿಯ ಮುಂದೆ ನಿಂತಳು. ವೇಸಾ ದಿನಾಲೂ ಕಾಯಿಸಬೇಡಿ ಎಂದು ಹೇಳಿರಲಿಲ್ಲ. ಕಾಯಿಸಿ ಎಂದೂ ಈ ಸಲ ಹೇಳಿರಲಿಲ್ಲ. ಹೇಳದೆ ಇದ್ದದ್ದು ಒಪ್ಪಿಗೆಯೋ, ನಾಚಿಕೆಯೋ? ಸೋಮವಾರ ಸಾಧಾರಣವೋ ಅಲ್ಲವೋ? ಕೇಳೋಣವೆಂದು ಫೋನಿನವರೆಗೆ ಹೋದಳು. ಯಾವ ಮಾತಿನಲ್ಲಿ ಕೇಳಬೇಕು ಎಂದು ಹೊಳೆಯದೆ ಹಿಂದಿರುಗಿದಳು. ಗುಂಡಿ ತಿರುವಿ, ಕೆಳಹಲಗೆಯ ಮೇಲೆ ಒಬ್ಬಳೇ ಕೂತಳು. ಸ್ವಲ್ಪ ಹೊತ್ತಿಗೆ ಕಲ್ಲುಗಳ ಸಂದಿಯಲ್ಲಿ, ಆಳದಲ್ಲಿ, ಕಾಯಿಲಿನ ಕೆಂಪು ಸಣ್ಣಗೆ ಕಾಣಿಸಿತು. ಕಲ್ಲು ಬಿಗಿದಿದ್ದ ಹಳೆಯ ಒಲೆಯಲ್ಲಿ ಅವಳು ಅದನ್ನು ಎಂದೂ ಕಂಡಿರಲಿಲ್ಲ. ಅದು ಕಾಣಬೇಕಾದ್ದೋ, ಕಾಣಬಾರದ್ದೋ ತಿಳಿಯದೆ, ಹಲಗೆ ಬೆಚ್ಚಗಾಗುವವರೆಗೂ ಅದನ್ನೇ ನೋಡುತ್ತ ಕೂತಳು.